ಅಪ್ಪ ಹುಡುಕಿ ತಂದ ಡ್ರೈವ್‌ಶಾಫ್ಟ್

ಇವತ್ತು ಹೆಬ್ಬಾಳದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನ ಚಕ್ರ ತಿರುಗಿಸುವ ಕಬ್ಬಿಣದ ದಂಡ, ಡ್ರೈವ್‌ಶಾಫ್ಟ್, ಕಳಚಿ ನೆಲಕ್ಕಿಟ್ಟ. ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅಪ್ಪನ ಕೈ ಹಿಡಿದ ಪುಟ್ಟ ಹುಡುಗಿಯಾಗಿಬಿಟ್ಟೆ.

ನಮ್ಮ ಹಳೇ ಕಾರಿನ ಶಾಫ್ಟ್ ಮುರಿದದ್ದು ಅಜ್ಜಿಯನ್ನು ಬಾಗಲೂರಿಗೆ ಕರೆದೊಯ್ಯಬೇಕಿದ್ದುದರ ಹಿಂದಿನ ದಿನ. ಅಲ್ಲಿ ಅವಳ ತಂಗಿ ಹಾಸಿಗೆ ಹಿಡಿದಿದ್ದಳು. ಬಸ್ಸು ಹತ್ತುವ ಶಕ್ತಿ ಅಜ್ಜಿಯ ಮಂಡಿಗಳಿಗಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಅಪ್ಪ ಯಶವಂತಪುರದಿಂದ ಹೊಸ ಶಾಫ್ಟ್ ತಂದರು. ಅದು ಕೂರಲೇ ಇಲ್ಲ. ಕಾರಿನ ಹೆಸರು ಅದೇ, ಶಾಫ್ಟಿನ ತುದಿಯ ಹಲ್ಲುಗಳು ಮಾತ್ರ ಬೇರೆ. ರೇಷ್ಮೆ ಸೀರೆಯುಟ್ಟು ಕಾದಿದ್ದ ಅಜ್ಜಿ ಸೀರೆ ಬದಲಿಸಲು ಒಳಗೆ ಹೋದಳು.

ಮರುದಿನ ಅಪ್ಪ ಮುರಿದ ಶಾಫ್ಟನ್ನೇ ಗೋಣಿಚೀಲದಲ್ಲಿ ಸುತ್ತಿ ಹೆಗಲಿಗೇರಿಸಿ, ನನ್ನನ್ನೂ ಕರೆದುಕೊಂಡು ಅಂಗಡಿ ಅಂಗಡಿ ಅಲೆದರು. ಕೊನೆಗೆ ಹಳೇ ಬಿಡಿಭಾಗ ಮಾರುವ ಸಾಹೇಬರೊಬ್ಬರು ಅಪ್ಪನ ಕಥೆಯೆಲ್ಲ ಕೇಳಿ, ಒಂದು ಶಾಫ್ಟ್ ಹುಡುಕಿ ತಂದು ಮುರಿದದ್ದರ ಪಕ್ಕದಲ್ಲಿಟ್ಟರು. "ಹಲ್ಲೂ ಬರಾಬರ್, ಉದ್ದಾನೂ ಬರಾಬರ್. ಬೇಗ ಹೋಗಿ ಸಾರ್, ಅಮ್ಮ ಕಾಯ್ತಿರ್ತಾರೆ."

ಆ ಸಂಜೆ ಬಾಗಲೂರಿನಲ್ಲಿ ಅಕ್ಕ ತಂಗಿ ಕೈ ಕೈ ಹಿಡಿದು ಕೂತರು. "ಬರಾಕಿಲ್ವೇನೋ ಅಂದ್ಕಂಡಿದ್ದೆ ಕಣಕ್ಕ" ಎಂದಳು ಚಿಕ್ಕಜ್ಜಿ.

"ನನ್ ಮಗ ಇದಾನಲ್ಲೇ, ಬಿಡ್ತಾನಾ?" ಎಂದಳು ಅಜ್ಜಿ.

ಬಾಗಿಲಲ್ಲಿ ನಿಂತಿದ್ದ ಅಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಆಮೇಲೆ ಚಿಕ್ಕಜ್ಜಿ ಬಹಳ ದಿನ ಉಳಿಯಲಿಲ್ಲ.

"ಪಾರ್ಟ್ ನಂಬರ್ ಮ್ಯಾಚ್ ಆಯ್ತು ಮೇಡಂ, ನಾಳೆ ಬರುತ್ತೆ" ಎಂದ ಮೆಕ್ಯಾನಿಕ್, ಫೋನ್ ನೋಡುತ್ತಾ. "ಅರ್ಜೆಂಟಾಗಿ ಎಲ್ಲಿಗಾದ್ರೂ ಹೋಗ್ಬೇಕಿತ್ತಾ?"

"ಇಲ್ಲಪ್ಪ, ನಿಧಾನವಾಗಿ ಮಾಡಿ" ಅಂದೆ. ನನ್ನ ದಾರಿ ಕಾಯುವವರು ಈಗ ಯಾವ ಊರಲ್ಲೂ ಇಲ್ಲ.