ಅಮ್ಮನ ಬಾಯಿಯ ‘ಅದು’

ಅಂಗಡಿಯ ಅರ್ಧ ಭಾಗದಲ್ಲಿ ದಾರ, ಗುಂಡಿ, ಜಿಪ್ಪು, ಲೇಸು ಮಾರುವವಳು ನಾನು. ಉಳಿದರ್ಧದಲ್ಲಿ ಹೊಲಿಗೆ ಮಿಷಿನ್ ರಿಪೇರಿ ಮಾಡುವವರು ಬಾಬಿನ್. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದನ್ನು ಅವರು ಬಳಸುವುದಿಲ್ಲ, ಹಾಗಾಗಿ ನಾನೂ ಬಳಸುವುದಿಲ್ಲ. ಬಾಬಿನ್ ಎಂದರೆ ಮಿಷಿನ್ನಿನ ಹೊಟ್ಟೆಯೊಳಗೆ ಕೂತು ಕೆಳಗಿನ ದಾರ ಬಿಡುವ ಪುಟ್ಟ ಗಾಲಿ. ಹೊಲಿಯುವಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಿಲ್ಲದೆ ಒಂದು ಹೊಲಿಗೆಯೂ ನಿಲ್ಲುವುದಿಲ್ಲ. ಈ ಹೆಸರನ್ನು ಅವರೇ ಆರಿಸಿಕೊಂಡದ್ದು.

ಅಗಲವಾದ ಭುಜ, ಬೆಳಿಗ್ಗೆ ಎಷ್ಟೇ ನುಣ್ಣಗೆ ಬೋಳಿಸಿದರೂ ಸಂಜೆಯ ಹೊತ್ತಿಗೆ ಹಸಿರು ತೋರುವ ಕೆನ್ನೆ, ನೇರಳೆ ಬಣ್ಣ ಹಚ್ಚಿದ ಉಗುರು, ಉಗುರಿನ ಸಂದಿಯಲ್ಲಿ ಮಿಷಿನ್ ಎಣ್ಣೆಯ ಕಪ್ಪು. ಹೊಸ ಗಿರಾಕಿಗಳು ಮೊದಲು ಮಿಷಿನ್ ಇಳಿಸುತ್ತಾರೆ, ಆಮೇಲೆ ಬಾಬಿನ್ ಮುಖ ನೋಡುತ್ತಾರೆ, ಆಮೇಲೆ ನನ್ನ ಹತ್ತಿರ ಬಂದು ಪಿಸುಗುಡುತ್ತಾರೆ. “ಗಂಡೋ ಹೆಣ್ಣೋ?” ಎಂದು ಒಬ್ಬಾಕೆ ಕೇಳಿದ್ದರು. “ಮಿಷಿನ್ ನಿಮ್ದು, ನಿಮಗೇ ಗೊತ್ತಿರ್ಬೇಕು” ಎಂದೆ. ಆಕೆ ಮತ್ತೆ ಕೇಳಲಿಲ್ಲ. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ಬೀದಿಗೆಲ್ಲ ಗೊತ್ತು.

ಬಾಬಿನ್‌ರನ್ನು ಕೇಳಿದರೆ ಎರಡೂ ಅಲ್ಲ ಎನ್ನುತ್ತಾರೆ. ಇದನ್ನು ಅವರು ನನಗೆ ಹೇಳಿದ್ದು ಒಂದು ಮಧ್ಯಾಹ್ನ, ಮಿಷಿನ್ನಿನ ಹಲ್ಲಿನ ಸಂದಿಯಿಂದ ನೂಲಿನ ಕಸ ಕೀಳುತ್ತಾ. “ಅಣ್ಣ ಅಂದ್ರೂ ಚುಚ್ಚುತ್ತೆ, ಅಕ್ಕ ಅಂದ್ರೂ ಚುಚ್ಚುತ್ತೆ ಅಕ್ಕಾ. ಯಾರದ್ದೋ ಬಟ್ಟೆ ಹಾಕ್ಕೊಂಡ ಹಾಗೆ.” ನನಗೆ ಪೂರ್ತಿ ಅರ್ಥವಾಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಮೈಗೆ ಕೂರದ ಬಟ್ಟೆಯ ಕಿರಿಕಿರಿ ಏನೆಂದು ನಮ್ಮ ಕಸುಬಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

“ಹಾಗಾದ್ರೆ ಯಾವ ಮಾತು ಸರಿಯಾಗಿ ಕೂರುತ್ತೆ?” ಎಂದು ಕೇಳಿದೆ. ಅವರು ನಕ್ಕು, “ನಮ್ಮಮ್ಮ ನನ್ನ ಕರೆಯೋ ಮಾತು” ಎಂದರು.

ಅವರ ಅಮ್ಮ ದಿನಾ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಬರುತ್ತಾರೆ. ಮಂಡಿನೋವಿನ ಜೀವ, ಮೆಟ್ಟಿಲು ಹತ್ತುವಾಗ ಬಾಗಿಲ ಚೌಕಟ್ಟನ್ನೇ ತಬ್ಬಿಕೊಳ್ಳುತ್ತಾರೆ. ಬಂದವರೇ ನನ್ನನ್ನು ಕೇಳುವುದು ಒಂದೇ: “ಅದು ಬೆಳಿಗ್ಗೆ ಏನಾದ್ರೂ ತಿಂತಾ?” ನಮ್ಮಲ್ಲಿ ಎಳೆ ಮಕ್ಕಳನ್ನು ಎಲ್ಲರೂ ಹಾಗೇ ಅನ್ನುತ್ತೇವಲ್ಲ, ಅದು ಮಲಗಿದೆ, ಅದಕ್ಕೆ ಹಸಿವಾಗಿದೆ, ಪಾಪ ಅದು ಅಳುತ್ತಿದೆ ಎಂದು. ಮಗು ಬೆಳೆದ ಮೇಲೆ ಅದು ಹೋಗಿ ಅವನೋ ಅವಳೋ ಆಗುತ್ತದೆ. ಬಸ್ಸು ಓಡಿಸುವ ದೊಡ್ಡ ಮಗ ಶಾಲೆಗೆ ಸೇರಿದ ವರ್ಷವೇ ಅಮ್ಮನ ಬಾಯಲ್ಲಿ ‘ಅವನು’ ಆದ. ಚಿಕ್ಕದು ಮೀಸೆ ಮೂಡಿದರೂ ‘ಅದು’ವಾಗಿಯೇ ಉಳಿಯಿತು. ಯಾಕೆ ಎಂದು ನಾನೇ ಒಮ್ಮೆ ಕೆದಕಿದ್ದೆ. “ಏನೋಪ್ಪ, ಬಾಯಿಗೆ ಹಾಗೇ ಬರುತ್ತೆ. ಅವನು ಅನ್ನೋಕೆ ಹೋದ್ರೆ ಅದರ ಮುಖ ಸಣ್ಣಗಾಗ್ತಿತ್ತು” ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಛೇಡಿಸಿದೆ. ಅವರೂ ನಕ್ಕರು. ಅಷ್ಟರಲ್ಲಿ ಅವರ ಹೆಗ್ಗಣ ಡಬ್ಬಿ ಬಿಚ್ಚಿ ಅರ್ಧ ಖಾಲಿ ಮಾಡಿತ್ತು.

ಇನ್ನು ಗುಂಪಿನ ವಿಷಯ. ಫೋನಿನಲ್ಲಿ ‘ಸೂಜಿದಾರ’ ಎಂದೊಂದು ಗುಂಪು ಇತ್ತು, ಈಗಲೂ ಇದೆ. ಮನೆಯಲ್ಲಿ ಕೂತು ಹೊಲಿಯುವ ಹೆಂಗಸರದು, ತಮ್ಮ ಮೈಯಳತೆ ಹಾಕಿ ಬಟ್ಟೆ ಕತ್ತರಿಸುವ ಲೆಕ್ಕವನ್ನೂ ಅಲ್ಲೇ ಕೇಳಿಕೊಳ್ಳುತ್ತಿದ್ದರು. ಅದರ ಅಡ್ಮಿನ್ ಒಬ್ಬ ಹೊಲಿಗೆ ಟೀಚರ್. ನಾನೂ ಅದರಲ್ಲಿದ್ದೆ, ವ್ಯಾಪಾರಕ್ಕೆ ಅನುಕೂಲ ಎಂದು. ಬಾಬಿನ್‌ರನ್ನು ಸೇರಿಸಿದ್ದೂ ನಾನೇ. ಯಾರ ಮಿಷಿನ್ ಕೈಕೊಟ್ಟರೂ ಅದರ ಸದ್ದನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದರು, ಬಾಬಿನ್ ಕೇಳಿಸಿಕೊಂಡು ಉತ್ತರ ಬರೆಯುತ್ತಿದ್ದರು. “ದಾರಕ್ಕೆ ಸಿಟ್ಟು ಬಂದಿದೆ, ಸ್ವಲ್ಪ ಸಡಿಲ ಬಿಡಿ.” “ಸೂಜಿ ಬೆನ್ನು ತಿರುಗಿಸಿ ಕೂತಿದೆ, ಬಿಚ್ಚಿ ಸರಿಯಾಗಿ ಹಾಕಿ.” ಹೆಂಗಸರಿಗೆ ಈ ಮಾತಿನ ರೀತಿ ಬಹಳ ಹಿಡಿಸಿತ್ತು. ಬಾಬಿನ್ ಅಕ್ಕ, ಬಾಬಿನ್ ಅಕ್ಕ ಎಂದು ಒಂದೇ ಸಮ. ಇಲ್ಲಿ ಬಾಬಿನ್ ಒಂದು ಸುಳ್ಳೂ ಹೇಳಿರಲಿಲ್ಲ. ನಮ್ಮ ಭಾಷೆಯಲ್ಲಿ ನಾನು ಬಂದೆ, ನಾನು ಹೊಲಿದೆ ಎಂದರೆ ಅದರಲ್ಲಿ ಗಂಡೂ ಇಲ್ಲ ಹೆಣ್ಣೂ ಇಲ್ಲ. ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವವರೆಗೆ ಸುಖ. ಪಕ್ಕದವರು ನಮ್ಮ ಬಗ್ಗೆ ಬಾಯಿ ತೆರೆದರೆ ಮುಗಿಯಿತು, ಬಂದನೋ ಬಂದಳೋ ಎಂದು ಒಂದು ಬಾಲ ಹಚ್ಚಲೇಬೇಕು, ಇಲ್ಲವೇ ನನ್ನ ಹಾಗೆ ಬಂದರು ಎಂದು ಮರ್ಯಾದೆ ಕೊಟ್ಟು ಒಂದು ಮಾರು ದೂರ ನಿಲ್ಲಿಸಬೇಕು.

ಗುಂಪಿನಲ್ಲಿದ್ದ ಒಬ್ಬಾಕೆ, ಪರದೆ ಹೊಲಿದು ಮಾರುವವಳು, ಒಂದು ದಿನ ನಮ್ಮ ಅಂಗಡಿಗೇ ಮಿಷಿನ್ ತಂದಳು. ಬಾಬಿನ್ ಚಕ್ರ ತಿರುಗಿಸಿ, ಕಿವಿಯಿಟ್ಟು ಕೇಳಿ, ಅಭ್ಯಾಸಬಲದಿಂದ “ದಾರಕ್ಕೆ ಸಿಟ್ಟು ಬಂದಿದೆ” ಎಂದರು. ಅವಳು ತಟ್ಟನೆ ತಲೆಯೆತ್ತಿದಳು. “ನೀವು... ಬಾಬಿನ್ನಾ?” ಹೌದು ಎನ್ನುವಾಗ ಬಾಬಿನ್ ಮುಖ ಅರಳಿದ್ದನ್ನು ನಾನು ನೋಡಿದೆ. ಗುಂಪಿನವರೊಬ್ಬರು ಎದುರಿಗೆ ಸಿಕ್ಕರಲ್ಲ ಎಂಬ ಸಂತೋಷ ಅವರಿಗೆ. ಅವಳು ನಗಲಿಲ್ಲ. ಮೆಟ್ಟಿಲಿಳಿದು ಬೀದಿಯಲ್ಲೇ ನಿಂತು ಫೋನು ಒತ್ತತೊಡಗಿದಳು. “ಬಾಬಿನ್ ಅಕ್ಕ ಅಲ್ಲ ಕಣ್ರೇ. ಗಡ್ಡ ಇದೆ.”

ಗುಂಪಿಗೆ ಬೆಂಕಿ ಬಿತ್ತು. ಇಷ್ಟು ದಿನ ನಮ್ಮ ಎದೆಯಳತೆ, ಸೊಂಟದಳತೆ ಎಲ್ಲ ಒಬ್ಬ ಗಂಡಸು ಓದುತ್ತಿದ್ದನಾ ಎಂದು ಒಬ್ಬಳು ಬರೆದಳು. ಆ ಮಾತನ್ನು ನಾನು ತಳ್ಳಿಹಾಕಲಾರೆ. ಹೆಣ್ಣಿನ ಆ ದಿಗಿಲು ನನಗೂ ಗೊತ್ತು, ಸುಮ್ಮಸುಮ್ಮನೆ ಬರುವಂಥದ್ದಲ್ಲ. ಟೀಚರ್ ಒಳ್ಳೆಯವರು, ನ್ಯಾಯವಾಗಿಯೇ ಕೇಳಿದರು. “ಬಾಬಿನ್, ನಾವು ನಿಮ್ಮನ್ನ ಏನಂತ ತಿಳ್ಕೋಬೇಕು? ಏನಂತ ಕರೀಬೇಕು? ನೀವೇ ಹೇಳಿ. ನೀವು ಹೇಳಿದ ಹಾಗೇ ನಡ್ಕೋತೀವಿ.”

ಆಗ ನಾನು ಗಿರಾಕಿಯೊಬ್ಬರಿಗೆ ಲೇಸು ಅಳೆಯುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಬಾಬಿನ್ ಬರೆದು ಕಳಿಸಿಯಾಗಿತ್ತು. “ನಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ. ನಿಮ್ಮ ಅಳತೆಗಳನ್ನು ಯಾವತ್ತೂ ಬೇರೆ ಯಾರಿಗೂ ತೋರಿಸಿಲ್ಲ. ಮನೆಯಲ್ಲಿ ನನ್ನ ಅಮ್ಮ ನನ್ನನ್ನು ಅದು ಅಂತಾರೆ. ನನಗೆ ಆ ಮಾತು ಇಷ್ಟ.”

“ಇದನ್ಯಾಕೆ ಬರೆದೆ ಕಂದಾ” ಎಂದೆ, ಲೇಸನ್ನು ಅಲ್ಲೇ ಬಿಟ್ಟು.

“ಕೇಳಿದ್ರಲ್ಲಕ್ಕಾ. ನಿಮ್ಮನ್ನ ಬಿಟ್ರೆ ಯಾರೂ ಇಲ್ಲೀವರೆಗೆ ಕೇಳಿರ್ಲಿಲ್ಲ.”

ಕೇಳಿದ್ದಕ್ಕೆ ಮನಸ್ಸು ತುಂಬಿ ಬಂದು, ಮನೆಯ ಒಳಗಿನ ಮಾತನ್ನು ತೆಗೆದು ಬೀದಿಗಿಟ್ಟರು ಬಾಬಿನ್. ಅಮ್ಮನ ‘ಅದು’ವಿನಲ್ಲಿ ಅಮ್ಮನ ದನಿ ಇರುತ್ತಿತ್ತು, ಕೈಯಲ್ಲಿ ಡಬ್ಬಿ ಇರುತ್ತಿತ್ತು. ಅಕ್ಷರಕ್ಕೆ ದನಿ ಎಲ್ಲಿಂದ ಬರಬೇಕು? ಫೋನಿನ ಗಾಜಿನ ಮೇಲೆ ಬಿದ್ದ ‘ಅದು’ ನಾಯಿಗೂ ನಾಲ್ಕು ಕಾಲಿನ ಮೇಜಿಗೂ ಹೇಳುವ ಬರೀ ಅದು.

ಮೊದಲು ಶುರುಮಾಡಿದ್ದು ಆ ಪರದೆಯವಳೇ. “ಓ, ಅದು ಆನ್‌ಲೈನ್ ಬಂತು ನೋಡ್ರೇ.” ಆಮೇಲೆ ಇನ್ನೊಬ್ಬಳು, “ಅದಕ್ಕೆ ಮೇವು ಹಾಕಿದ್ರಾ?” ನಗುವ ಮುಖಗಳ ಸಾಲು. ಯಾರೋ ಒಂದು ಮಿಷಿನ್ನಿಗೆ ಗಡ್ಡ ಬರೆದು, ಕೆಳಗೆ ‘ಅದು’ ಎಂದು ಅಂಟಿಸಿ ಚಿತ್ರ ಮಾಡಿದರು. ಗೇಲಿ ಬೇಡ ಎಂದು ಟೀಚರ್ ಬರೆದರೆ, “ಗೇಲಿ ಎಲ್ಲಿ ಟೀಚರ್? ಅದೇ ಹೇಳಿದ್ದು, ಅದಕ್ಕೆ ಇಷ್ಟ ಅಂತ” ಎಂದು ಉತ್ತರ ಬಂತು. ನಾನು ಸುಮ್ಮನಿರಲಿಲ್ಲ, ಬಾಯಿಗೆ ಬಂದದ್ದೆಲ್ಲ ಬರೆದೆ. ನಿಮ್ಮ ಮನೆಯ ಬೆಕ್ಕನ್ನೂ ಹೀಗೇ ಅನ್ನುತ್ತೀರಾ ಎಂದು ಕೇಳಿದೆ. ಹೌದು, ಬೆಕ್ಕನ್ನೂ ಅದು ಅಂತಲೇ ಅನ್ನುತ್ತೇವೆ ಎಂದರು. ಮತ್ತೆ ಅದೇ ನಗುವ ಮುಖಗಳು. ನನ್ನ ಸಿಟ್ಟು ಬೆಂಕಿಗೆ ಸುರಿದ ತುಪ್ಪವಾಯಿತು, ಅಷ್ಟೆ.

ಬಾಬಿನ್ ಗುಂಪಿನಿಂದ ಹೊರಬಂದರು. ಆ ಪರದೆಯವಳ ಮಿಷಿನ್ನನ್ನು ಮಾತ್ರ ಚೆನ್ನಾಗಿ ರಿಪೇರಿ ಮಾಡಿ, ಎಣ್ಣೆ ಒರೆಸಿ, ಕಟ್ಟಿ ಇಟ್ಟರು. ಅವಳ ಗಂಡ ಬಂದು ಒಯ್ದ.

ಗುಂಪು ಹೋದರೆ ಹೋಗಲಿ, ಅದಿಲ್ಲದೆಯೂ ಬದುಕಬಹುದು ಎಂದುಕೊಂಡೆ. ನನ್ನ ಲೆಕ್ಕ ತಪ್ಪಿತ್ತು. ಮರುದಿನ ಮಧ್ಯಾಹ್ನ ಅಮ್ಮ ಚೌಕಟ್ಟು ಹಿಡಿದು ಮೆಟ್ಟಿಲು ಹತ್ತಿದರು. “ಅದು ಎಲ್ಲಿ? ಅದಕ್ಕೆ ಇವತ್ತು ಬಿಸಿಬಿಸಿ ತಂದಿದೀನಿ” ಎಂದರು. ಬಾಬಿನ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ನೆಲಕ್ಕೆ ಬಿತ್ತು. ಯಾರೋ ಕೆನ್ನೆಗೆ ಹೊಡೆದ ಹಾಗೆ ಅವರು ಮುಖ ಪಕ್ಕಕ್ಕೆ ತಿರುಗಿಸಿದ್ದರು.

“ಏನಾಯ್ತು ಕಂದಾ?”

“ಏನಿಲ್ಲ ಬಿಡಮ್ಮ.”

ಒಂದಷ್ಟು ದಿನ ಹೀಗೇ ನಡೆಯಿತು. ಅಮ್ಮ ಬಾಯಿ ತೆರೆದಾಗಲೆಲ್ಲ ಬಾಬಿನ್ ಭುಜ ಬಿಗಿಯುತ್ತಿತ್ತು. ಅಮ್ಮನಿಗೆ ಹೇಳು ಎಂದು ನಾನು ಅಂದರೆ, “ಏನಂತ ಹೇಳ್ಲಿ? ಅಮ್ಮನ ಮಾತು ಕೇಳಿದ್ರೆ ಆ ಗುಂಪಿನವರ ನಗು ಕೇಳ್ಸುತ್ತೆ ಅಂತ ಹೇಳ್ಲಾ?” ಎಂದು ಕಣ್ಣು ಒರೆಸಿಕೊಂಡರು. ಇಡೀ ಲೋಕದಲ್ಲಿ ಮೈಗೆ ಸರಿಯಾಗಿ ಕೂರುತ್ತಿದ್ದದ್ದು ಅದೊಂದೇ ಮಾತು. ಅದನ್ನೂ ಕೆಡಿಸಿಬಿಟ್ಟರಲ್ಲ ಎಂದು ನನ್ನ ಹೊಟ್ಟೆ ಉರಿಯಿತು, ಈಗ ಬರೆಯುವಾಗಲೂ ಉರಿಯುತ್ತಿದೆ.

ಕೊನೆಗೆ ಬಾಬಿನ್ ಕೇಳಿಯೇಬಿಟ್ಟರು. ಡಬ್ಬಿಯ ಮುಚ್ಚಳ ತೆಗೆಯುತ್ತಾ, ತಲೆಯೆತ್ತದೆ. “ಅಮ್ಮಾ, ಇನ್ಮೇಲೆ ನನ್ನ ಅದು ಅನ್ಬೇಡ.”

ಅಮ್ಮನಿಗೆ ಗುಂಪು ಗೊತ್ತಿಲ್ಲ, ಅಲ್ಲಿ ನಡೆದದ್ದೂ ಗೊತ್ತಿಲ್ಲ. ಇಷ್ಟು ವರ್ಷ ತಾನೇ ಮಗುವನ್ನು ನೋಯಿಸುತ್ತಿದ್ದೆ ಎಂದುಕೊಂಡರು ಪಾಪ. ಮುಖ ಬಾಡಿತು. “ಬೈದಿದ್ದಲ್ಲ ಕಂದಾ ಅದು” ಎಂದರು. “ಗೊತ್ತಮ್ಮ” ಎಂದರು ಬಾಬಿನ್. “ಮತ್ತೆ ಏನನ್ನಲಿ? ಅವನು ಅಂದ್ರೆ ನಿಂಗಾಗಲ್ಲ.” ಬಾಬಿನ್ ತೆಗೆದ ಮುಚ್ಚಳವನ್ನು ಮತ್ತೆ ಹಾಕಿದರು. ಅವರ ಹತ್ತಿರ ಇದ್ದದ್ದು ಆ ಒಂದು ಮಾತು, ಬೇರೆ ಇದ್ದರೆ ತಾನೆ ಕೊಡುವುದು.

ಆಮೇಲೆ ಅಮ್ಮ ಮಾತು ಕಡಿಮೆ ಮಾಡಿದರು. ಹೇಳುವುದನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. “ರಾತ್ರಿ ಕೆಮ್ಮು... ನಿದ್ದೆ ಇಲ್ಲ...” ಎಂದು ಬಾಲವಿಲ್ಲದ ಮಾತು. ಡಬ್ಬಿಯನ್ನು ನನ್ನ ಕಡೆಯ ಮೇಜಿನ ಮೇಲಿಟ್ಟು ಹೊರಡುವ ದಿನಗಳೂ ಇದ್ದವು.

ಮೊನ್ನೆ ಬಂದವರು ಬಾಗಿಲಲ್ಲೇ ನಿಂತರು. ಬಾಬಿನ್ ಒಳಗೆ ಬೆನ್ನು ಮಾಡಿಕೊಂಡು ಕೆಲಸ ಮಾಡುತ್ತಿದ್ದರು. ಅಮ್ಮ ಸೆರಗು ಸರಿಮಾಡಿಕೊಂಡು, ದೊಡ್ಡವರ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ, ನನ್ನನ್ನು ಕೇಳಿದರು.

“ಅವರು ಊಟ ಮಾಡಿದ್ರಾ?”

ಯಾರೋ ಗಿರಾಕಿಯ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು ನಾನು ಹಿಂತಿರುಗಿ ನೋಡಿದೆ. ಅಂಗಡಿಯೊಳಗೆ ಬಾಬಿನ್ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.