ಅಕ್ಕ ಕೀ ತಿರುಗಿಸಿದ್ದಳು

ಹಳದೀಪುರದ ನನ್ನ ಅಕ್ಕನ ಮನೆಯ ಜಗಲಿ ಪಕ್ಕ ಹನ್ನೆರಡು ವರ್ಷದ ಹಿಂದೆ ಭಾವನ ಬೈಕಿಗೆ ಬೆಂಕಿ ಹತ್ತಿದ್ದು ಅಕ್ಕನ ಮರೆವಿನಿಂದಲ್ಲ, ನನ್ನಿಂದ. ಅಕ್ಕ ಕೀ ಆಫ್ ಮಾಡಲು ಮರೆತಳು ಎಂದು ಅಂಗಳದಲ್ಲಿ ಎಲ್ಲರೆದುರು ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಗಡಿಬಿಡಿಯಲ್ಲಿ ಬಾಯಿತಪ್ಪಿ ಬಂದ ಮಾತು ಎಂದು ಈಗ ತೇಪೆ ಹಾಕಲಾರೆ — ಯೋಚಿಸಿಯೇ ಹೇಳಿದೆ. ಕಳೆದ ತಿಂಗಳು ಇದನ್ನು ಅಕ್ಕನಿಗೆ ಹೇಳಿ ಆಯಿತು. ಅದಕ್ಕೇ ಇವತ್ತು ಬರೆಯಲು ಕೈ ಬರುತ್ತಿದೆ.

ಹೊನ್ನಾವರ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಬೈಕು, ರಿಕ್ಷಾಗಳ ಲೈಟು, ಹಾರ್ನು, ಬ್ಯಾಟರಿ, ವೈರಿಂಗ್ — ನನ್ನ ಲೋಕ ಇಷ್ಟೇ. ಕೆಲಸ ಕಲಿತದ್ದು ಭಟ್ಕಳದಲ್ಲಿ, ಒಬ್ಬ ಉಸ್ತಾದರ ಹತ್ತಿರ. ಅವರಿಗೆ ಮನೆಯಲ್ಲಿ ನವಾಯತಿ, ಗಿರಾಕಿಗಳ ಜೊತೆ ಉರ್ದು. ಕನ್ನಡ ನನ್ನನ್ನು ಬೈಯಲು ಮಾತ್ರ. ಆ ಬೈಗುಳದಲ್ಲೇ ಒಂದು ಪಾಠ ಇತ್ತು. ಬ್ಯಾಟರಿಯಿಂದ ಹೊರಟ ತಂತಿ ಮೊದಲು ಫ್ಯೂಸಿಗೆ ಹೋಗಬೇಕು, ಆಮೇಲೆ ಬೇಕಾದಲ್ಲಿ ಹೋಗಲಿ. ಫ್ಯೂಸು ಹಾರಿತು ಅಂತ ಫ್ಯೂಸಿಗೆ ಬೈಯಬೇಡ, ಹಾರಿಸಿದ್ದು ಯಾವುದು ಅಂತ ಹುಡುಕು. ದಿನಕ್ಕೆರಡು ಸಲವಾದರೂ ಈ ಮಾತು ಕಿವಿಗೆ ಬೀಳುತ್ತಿತ್ತು. ಮುದುಕರಿಗೆ ಬೇರೆ ಕೆಲಸ ಇಲ್ಲ ಎಂದುಕೊಳ್ಳುತ್ತಿದ್ದೆ.

ಹೊನ್ನಾವರದಲ್ಲಿ ನಾನು ಅಂಗಡಿ ತೆರೆದು ಒಂದು ವರ್ಷವೂ ಆಗಿರಲಿಲ್ಲ. ಭಾವ ಆಗ ಕುಮಟಾದ ಒಂದು ಆಫೀಸಿನಲ್ಲಿ ಗುಮಾಸ್ತರು. ದಿನವೂ ಹಳದೀಪುರದಿಂದ ಹೈವೇ ಹಿಡಿದು ಹೋಗಿ ಬರುತ್ತಿದ್ದುದು ಒಂದು ಹಳೇ ಬೈಕಿನಲ್ಲಿ. ಎಂಜಿನ್ನು ಗಟ್ಟಿ, ಕರೆಂಟು ಮಾತ್ರ ಬಡಪಾಯಿ. ಆರು ವೋಲ್ಟಿನ ಕಾಲದ ಗಾಡಿ. ವೇಗ ಇಳಿಸಿದರೆ ಹೆಡ್‌ಲೈಟು ಬುಡ್ಡಿದೀಪ, ಹಾರ್ನ್ ಒತ್ತಿದರೆ ಆ ದೀಪವೂ ಇಲ್ಲ. ಎದುರಿನಿಂದ ಲಾರಿ ಬಂದರೆ ಭಾವ ಕಣ್ಣುಮುಚ್ಚಿ ದೇವರ ಹೆಸರು ಹೇಳುತ್ತಿದ್ದರಂತೆ. ಹನ್ನೆರಡು ವೋಲ್ಟ್ ಮಾಡಿಕೊಡುತ್ತೇನೆ ಎಂದೆ. ಹೇಳಿದಂತೆ ಮಾಡಿದೆ ಕೂಡ — ಒಳಗಿನ ಕಾಯಿಲ್ ಬೇರೆ ಸುತ್ತಿಸಿ, ದೊಡ್ಡ ಬ್ಯಾಟರಿ ಕೂರಿಸಿ, ಬಲ್ಬುಗಳನ್ನೆಲ್ಲ ಬದಲಿಸಿ, ಹೊಸ ವೈರು ಎಳೆದು. ಬೆಳಕು ರಸ್ತೆಯ ಆಚೆ ಅಂಚಿನವರೆಗೆ ಬಿತ್ತು. ಅಳಿಯನಿಗಿಂತ ಮೈದುನ ಮೇಲು ಎಂದು ಭಾವ ಊರೆಲ್ಲ ಹೇಳಿಕೊಂಡು ಬಂದರು. ಆಗ ಅವರಿಗೆ ಅಳಿಯನೇ ಇರಲಿಲ್ಲ, ಮಗಳು ವಿದ್ಯಾ ಇನ್ನೂ ಹೈಸ್ಕೂಲು. ಆದರೂ ನಾನು ಹಿಗ್ಗಿ ಹೀರೇಕಾಯಿಯಾದೆ.

ಆ ಬೈಕನ್ನು ಅಕ್ಕನೂ ಓಡಿಸುತ್ತಿದ್ದಳು. ಭಾವನಿಗೆ ರಜೆ ಇದ್ದ ದಿನ ಶಾಲೆಯ ಮೈದಾನದಲ್ಲಿ ಕಲಿತದ್ದು. ಸೀರೆ ಎತ್ತಿ ಸಿಕ್ಕಿಸಿ, ಅಷ್ಟು ಭಾರದ ಗಾಡಿಯನ್ನು ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡುವವಳು. ಮೊದಮೊದಲು ನಕ್ಕವರೇ ಆಮೇಲೆ ಪೇಟೆಯಿಂದ ಅದು ತಾ, ಇದು ತಾ ಎಂದು ಅವಳ ಕೈಗೆ ಚೀಲ ಕೊಡುತ್ತಿದ್ದರು.

ಮಳೆಗಾಲ ಹಿಡಿಯಿತು, ಫ್ಯೂಸು ಹಾರತೊಡಗಿತು. ಭಾವ ಎರಡು ಸಲ ಕುಮಟಾ ದಾರಿಯಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತು ನನಗೆ ಫೋನ್ ಮಾಡಿದರು. ಎಲ್ಲೋ ಒಂದು ವೈರು ಸವೆದು ಗಾಡಿಯ ಕಬ್ಬಿಣದ ಚಾಸಿಗೆ ತಾಗುತ್ತಿದೆ ಎಂದು ಹೊಸಬನಿಗೂ ಹೊಳೆಯಬೇಕು. ಹುಡುಕಬೇಕೆಂದರೆ ಟ್ಯಾಂಕ್ ಇಳಿಸಬೇಕು, ಅರ್ಧ ದಿನದ ಕೆಲಸ. ಅದಕ್ಕಿಂತ ಹೆಚ್ಚಾಗಿ — ನಾನು ಎಳೆದ ವೈರಿನಲ್ಲೇ ತಪ್ಪಿದೆ ಎಂದು ಒಪ್ಪಬೇಕು. ಮಳೆಗಾಲದಲ್ಲಿ ಮನೆಯ ಫ್ಯೂಸು ಪದೇಪದೇ ಹೋದರೆ ನಮ್ಮ ಕಡೆ ಮಾಡುವುದೇನು? ಬಡ್ಡಿಮಗಂದು ಇನ್ನು ಹೋಗಬಾರದು ಎಂದು ದಪ್ಪ ತಂತಿ ಸುತ್ತಿ ಕೂರಿಸುತ್ತೇವೆ. ನನ್ನ ಅಪ್ಪ ಹಾಗೇ ಮಾಡುತ್ತಿದ್ದ, ಪಕ್ಕದ ಮನೆಯವರೂ ಹಾಗೇ. ನಾನೂ ಫ್ಯೂಸು ಕಿತ್ತೆಸೆದು ಅಲ್ಲಿ ಮೂರು ಎಳೆ ತಾಮ್ರದ ತಂತಿ ಹೊಸೆದು ಸಿಕ್ಕಿಸಿದೆ. ಮತ್ತೆ ಫೋನ್ ಬರಲಿಲ್ಲ.

“ಈಗ ಪಕ್ಕಾ ಆತು ನೋಡು,” ಎಂದರು ಭಾವ.

ಬೆಂಕಿ ಬಿದ್ದದ್ದು ಮಳೆ ಬಿಟ್ಟ ಮೇಲೆ, ಒಂದು ಮಧ್ಯಾಹ್ನ. ಭಾವ ಅವತ್ತು ಬಸ್ಸಿನಲ್ಲಿ ಹೋಗಿದ್ದರು. ಅಕ್ಕನ ಅತ್ತೆಯ ಔಷಧಿ ಮುಗಿದಿತ್ತೆಂದು ಅವಳು ಬೈಕಿನಲ್ಲಿ ಹೊನ್ನಾವರಕ್ಕೆ ಬಂದು ಹೋದಳು. ಮನೆ ಮುಟ್ಟಿ, ಗಾಡಿಯನ್ನು ಜಗಲಿ ಪಕ್ಕ ನಿಲ್ಲಿಸಿ, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಅತ್ತೆ ಊಟ ಮಾಡಿ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ್ದರು. ಗಂಟೆ ಕಳೆದಿರಬೇಕು, ರಬ್ಬರು ಸುಟ್ಟ ವಾಸನೆ ಬಂತು. ಅಕ್ಕ ಓಡಿ ಬರುವಷ್ಟರಲ್ಲಿ ಸೀಟು ಹೊತ್ತಿತ್ತು, ಪಕ್ಕದಲ್ಲಿ ಒಟ್ಟಿದ್ದ ಒಣ ತೆಂಗಿನ ಮಡಲಿಗೂ ಹಿಡಿದಿತ್ತು. ಅತ್ತೆಯನ್ನು ಚಾಪೆ ಸಮೇತ ಎಳೆದಳು. ನೆರೆಯವರು ಬಾವಿ ನೀರು, ಮರಳು ಎಲ್ಲ ಸುರಿದರು. ಮನೆ ಉಳಿಯಿತು. ಅತ್ತೆಯ ಎಡಗಾಲಿನ ಪಾದ ಸುಟ್ಟಿತು.

ನಾನು ಹೋದಾಗ ಅಂಗಳ ತುಂಬ ಜನ. ಕುಮಟಾದಿಂದ ಭಾವನೂ ಬಂದು ಮುಟ್ಟಿದ್ದರು. ಕರಕಲು ಸೀಟು ಎತ್ತಿ ನೋಡಿದೆ. ಬ್ಯಾಟರಿಯಿಂದ ಹೊರಟ ವೈರು ಟ್ಯಾಂಕಿನ ಅಡಿಯಲ್ಲಿ ಚಾಸಿಗೆ ಉಜ್ಜಿ ಉಜ್ಜಿ ಸವೆದಿತ್ತು. ಕಾದು ಕೆಂಪಾಗಿ ಉದ್ದಕ್ಕೂ ಸುಟ್ಟಿತ್ತು. ಅದು ಕೀಗಿಂತ ಮೊದಲಿನ ವೈರು. ಕೀ ಆಫ್ ಇದ್ದರೂ ಅದರಲ್ಲಿ ಕರೆಂಟು ಇದ್ದೇ ಇರುತ್ತದೆ. ತಡೆಯಲು ಇರುವುದು ಫ್ಯೂಸೊಂದೇ. ಫ್ಯೂಸಿನ ಜಾಗದಲ್ಲಿ ನನ್ನ ಮೂರೆಳೆ ತಾಮ್ರ, ಕಪ್ಪಾಗಿ, ಗಟ್ಟಿಯಾಗಿ, ಹಾಗೇ ಕೂತಿತ್ತು. ಸುತ್ತ ಎಲ್ಲ ಸುಟ್ಟರೂ ಅದು ಕಡಿದಿರಲಿಲ್ಲ. ಕಂಡೆ — ಕಂಡದ್ದೇ ಬೆರಳಲ್ಲಿ ಕಿತ್ತು ಕಿಸೆಗೆ ಹಾಕಿಕೊಂಡೆ. ಯಾರೂ ನೋಡಲಿಲ್ಲ.

ಎಂತ ಆಯಿತು ಎಂದು ಭಾವ ಕೇಳಿದರು. ಕೀ ಆನ್ ಉಳಿದಿತ್ತು, ಕಾಯಿಲ್ ಕಾದು ವೈರು ಕರಗಿದೆ ಎಂದೆ. ಅಕ್ಕ ಆಗ ಅತ್ತೆಯ ಪಾದಕ್ಕೆ ತಣ್ಣೀರು ಬಿಡುತ್ತ ಕೂತಿದ್ದಳು. ತಲೆ ಎತ್ತಿ, ಇಲ್ಲ, ತಿರುಗಿಸಿದ್ದೇನೆ, ಕೀ ಸೊಂಟದಲ್ಲೇ ಇದೆ ಎಂದು ತೆಗೆದು ತೋರಿಸಿದಳು. ನಾನು ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

“ಹಳೇ ಲಾಕು ಅಕ್ಕ, ಸವೆದೋಗಿದೆ. ಆನ್ ಇದ್ರೂ ಕೀ ಕೈಗೆ ಬತ್ತದೆ. ನಿಂಗೆ ಗೊತ್ತಾಗ್ಲಿಲ್ಲ ಅಷ್ಟೇ.”

ಇದು ಅರ್ಧ ನಿಜ, ಅದೇ ಕೇಡು. ಆ ಲಾಕು ಸವೆದದ್ದು ನಿಜ. ಆನ್ ಇದ್ದಾಗಲೂ ಕೀ ಹೊರಗೆ ಬರುತ್ತಿದ್ದದ್ದೂ ನಿಜ. ಕಸುಬು ಬಲ್ಲವನ ಮಾತು ಎಂದು ಎಲ್ಲರೂ ತಲೆಯಾಡಿಸಿದರು. ಅಕ್ಕ ಕೈಯಲ್ಲಿದ್ದ ಕೀಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ಹಾಗಿದ್ರೆ ಇರಬಹುದು, ಎಂದಳು. ತನ್ನ ಕಣ್ಣು, ತನ್ನ ಕೈಗಿಂತ ತಮ್ಮನ ಮಾತು ದೊಡ್ಡದು ಎಂದು ನಂಬಿದಳು ಪುಣ್ಯಾತ್ಗಿತ್ತಿ.

ಯಾಕೆ ಹೇಳಿದೆ? ಹೊಸ ಅಂಗಡಿ, ಹೆಸರು ಕೆಡುತ್ತದೆ ಎಂಬ ಭಯ — ಇತ್ತು. ಭಾವನ ಎದುರು ಸಣ್ಣವನಾಗುವ ನಾಚಿಕೆ, ಅದೂ ಇತ್ತು. ಇವೆಲ್ಲ ಕಾರಣಗಳು, ಸಮರ್ಥನೆಗಳಲ್ಲ. ಮನೆಗೆ ಬರುವ ದಾರಿಯಲ್ಲಿ ಆ ತಾಮ್ರದ ತುಂಡನ್ನು ಗಟಾರಕ್ಕೆ ಎಸೆದೆ, ಊಟ ಮಾಡಿದೆ, ಮಲಗಿದೆ. ನಿದ್ದೆಯೂ ಬಂತು, ಅದನ್ನೂ ಮುಚ್ಚಿಡುವುದಿಲ್ಲ.

ಅತ್ತೆ ಎರಡು ತಿಂಗಳು ಕುಂಟಿದರು. ಸೊಸೆಯನ್ನು ಬೈಯಲಿಲ್ಲ, ಆಗೂದು ಆತು ಬಿಡು ಎಂದರಂತೆ. ಭಾವನೂ ಬೈಯಲಿಲ್ಲ. ಬೈದಿದ್ದರೆ ಅಕ್ಕ ಜಗಳವಾಡಿ ಹಗುರಾಗುತ್ತಿದ್ದಳೋ ಏನೋ. ಬೈಕು ಕೊಟ್ಟಿಗೆ ಸೇರಿತು, ಅಕ್ಕ ಮತ್ತೆ ಯಾವ ಗಾಡಿಯ ಹ್ಯಾಂಡಲ್ಲನ್ನೂ ಮುಟ್ಟಲಿಲ್ಲ. ಅಷ್ಟೇ ಆಗಿದ್ದರೆ ಈ ಬರವಣಿಗೆ ಬೇಕಿರಲಿಲ್ಲ. ಅವಳು ಗ್ಯಾಸು ಆಫ್ ಮಾಡುವ ಗುಬ್ಬಿಯನ್ನು ಮೂರು ಸಲ ಮುಟ್ಟಿ ನೋಡುವವಳಾದಳು. ಬೀಗ ಹಾಕಿ ಬಸ್‌ಸ್ಟಾಪಿನವರೆಗೆ ಬಂದು ತಿರುಗಿ ಓಡುವವಳಾದಳು. ಮದುವೆ ಮನೆಯಲ್ಲಿ ಯಾರಾದರೂ ಒಡವೆ ಪೆಟ್ಟಿಗೆ ಹಿಡಿದುಕೋ ಎಂದರೆ ಹೆದರಿ ಹಿಂದೆ ಸರಿಯುವವಳು. ವಯಸ್ಸಾಯಿತು ಎಂದು ಜನ ನಗುತ್ತಿದ್ದರು. ನಾನೂ ಜೊತೆಗೆ ನಕ್ಕಿದ್ದೇನೆ. ಹೌದು — ನಕ್ಕಿದ್ದೇನೆ.

ಈ ವರ್ಷ ಭಾವ ನಿವೃತ್ತರಾದರು. ಹಳೇ ಗಾಡಿಗೆ ಮತ್ತೆ ಜೀವ ಕೊಡು ಎಂದು ಟೆಂಪೋದಲ್ಲಿ ಹಾಕಿ ಅಂಗಡಿಗೆ ತಂದರು. ಕರೆಂಟೆಲ್ಲ ಹೊಸದು ಆಗಬೇಕು, ಈಗಿನ ಗಾಡಿಗಳಂತೆ. ನಾನು ಟ್ಯಾಂಕ್ ಇಳಿಸಿ ಸುಟ್ಟ ವೈರು ಬಿಡಿಸುತ್ತ ಕೂತಿದ್ದೆ. ಭಾವ ಸ್ಟೂಲಿನ ಮೇಲೆ ಕೂತು ಮನೆಯ ಸುದ್ದಿ ಹೇಳುತ್ತಿದ್ದರು. ವಿದ್ಯಾಗೆ ಮಗುವಾಗಿ ಆರು ತಿಂಗಳು. ಅವಳು ಟೀಚರಾಗಿರುವ ಕುಮಟಾದ ಶಾಲೆಯಲ್ಲಿ ರಜೆ ಮುಗಿಯುತ್ತ ಬಂತು. ಹಗಲು ಮಗು ನೋಡಿಕೊಳ್ಳಲು ಅಮ್ಮ ಬರಲಿ ಎಂದು ಕರೆದರೆ ಅಕ್ಕ ಒಪ್ಪುತ್ತಿಲ್ಲ. ಮಗಳು ಅತ್ತು ಹೋದಳು; ಅಮ್ಮನಿಗೆ ಮೊಮ್ಮಗು ಬೇಡವಾಗಿದೆ ಎಂದು ಅಳಿಯನ ಮನೆಯಲ್ಲೂ ಮಾತಾಗಿದೆ.

ಎಂತಕ್ಕಂತೆ ಎಂದು ಕೇಳಿದೆ, ತಲೆ ಎತ್ತದೆ.

“ನಾ ಮರಿಯೂಳು, ನನ್ನೊಬ್ಬಳ ಕೈಲಿ ಕೂಸು ಬಿಡ್ಬೇಡಿ. ಒಂದ್ಸಲ ಮನೆ ಸುಡ್ತಿದ್ದೆ, ಸಾಕು ಅಂತಾಳೆ ಮಾರಾಯ,” ಎಂದರು ಭಾವ.

ಕೈಯಲ್ಲಿದ್ದ ಕಟ್ಟರ್ ಕೆಳಗಿಟ್ಟೆ. ಹನ್ನೆರಡು ವರ್ಷದಲ್ಲಿ ಹೇಳಲು ನೂರು ಸಂದರ್ಭ ಇದ್ದವು. ಪ್ರತಿ ಸಲವೂ ಮುಗಿದ ಕಥೆ, ಕೆದಕುವುದು ಯಾಕೆ ಎಂದುಕೊಂಡಿದ್ದೆ. ಕಥೆ ಮುಗಿದದ್ದು ನನಗೆ ಮಾತ್ರ. ಅಂಗಡಿಗೆ ಬಾಗಿಲು ಹಾಕಿದೆ, ಭಾವನನ್ನೂ ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹಳದೀಪುರಕ್ಕೆ ಹೊರಟೆ. ದಾರಿಯಲ್ಲಿ ಭಾವ ಏನೇನೋ ಕೇಳಿದರು. ಬಾಯಿ ತೆರೆದರೆ ಸುಳ್ಳೇ ಬಂದೀತು ಎಂದು ಹೆದರಿಕೆ.

ಅಕ್ಕ ಹಿತ್ತಲಲ್ಲಿ ಬಸಳೆ ಕೊಯ್ಯುತ್ತಿದ್ದಳು. ಅಲ್ಲೇ ನಿಂತು ಹೇಳಿದೆ. ಫ್ಯೂಸು, ತಾಮ್ರದ ಎಳೆ, ಕಿಸೆ, ಗಟಾರ — ಒಂದನ್ನೂ ಬಿಡಲಿಲ್ಲ. ಕೀ ಆಫ್ ಇದ್ದರೂ ಆ ಬೆಂಕಿ ಆಗುವುದೇ ಇತ್ತು, ನನಗೆ ಅದು ಆವತ್ತೇ ಗೊತ್ತಿತ್ತು ಎಂದೆ. ಭಾವ ಬಾಗಿಲ ದಾರಂದ ಹಿಡಿದು ನಿಂತಿದ್ದರು. ಅಕ್ಕ ಕೈಯಲ್ಲಿದ್ದ ಬಸಳೆಯನ್ನು ನೆಲಕ್ಕಿಟ್ಟಳು.

“ಹಾಗಿದ್ರೆ ನಾ ಕೀ ತಿರುಗ್ಸಿದ್ದೆ,” ಎಂದಳು.

“ನೀ ತಿರುಗ್ಸಿದ್ದೆ ಅಕ್ಕ.”

“ನಂಗೆ ನೆನಪಿತ್ತು ತಮಾ. ಟಕ್ ಅಂದದ್ದೂ ನೆನಪಿತ್ತು. ನೀ ಅಲ್ಲ ಅಂದೆ, ನನ್ನ ನೆನಪೇ ಖೊಟ್ಟಿ ಅಂದ್ಕಂಡೆ.”

ಅಲ್ಲೇ ಬಸಳೆ ಚಪ್ಪರದ ಕಂಬ ಹಿಡಿದು ಕೂತು ಅತ್ತಳು. ಜೋರಾಗಿ, ಮಕ್ಕಳು ಅತ್ತ ಹಾಗೆ. ಭಾವ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ನನ್ನ ಕಡೆ ನೋಡಲೇ ಇಲ್ಲ. ನಾನು ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ, ಎಂದಿದ್ದರೂ ಅವಳಿಗೆ ಕೇಳಿಸಿರಲಿಕ್ಕಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಒಂದೇ ಮಾತು ಹೇಳಿದಳು. ಆವತ್ತು ಅಂಗಳದಲ್ಲಿದ್ದವರಿಗೆಲ್ಲ ನೀನೇ ಹೋಗಿ ಹೇಳಬೇಕು. ಅತ್ತೆಗೆ ಹೇಳುವಂತಿಲ್ಲ, ಅವರು ಹೋಗಿಬಿಟ್ಟರು; ಆ ಭಾರ ನಿನ್ನದು.

ಹೋದೆ. ಐದು ಮನೆ. ಒಬ್ಬರು ಚಾ ಕೊಟ್ಟರು, ಒಬ್ಬರು ಒಳಗೆ ಕರೆಯಲಿಲ್ಲ, ಒಬ್ಬರಿಗೆ ಬೆಂಕಿಯೇ ಮರೆತಿತ್ತು. ಮರ್ಯಾದೆ ಹೋಯಿತು, ಹೋಗಲಿ. ಕೊನೆಯ ಮನೆಯ ಮೆಟ್ಟಿಲು ಇಳಿಯುವಾಗ ಎದೆಯ ಮೇಲಿನ ಅರೆಕಲ್ಲು ಯಾರೋ ಎತ್ತಿ ಆಚೆ ಇಟ್ಟ ಹಾಗಾಯಿತು. ಇಷ್ಟು ಸುಲಭವಾಗಿತ್ತೇ ಎಂದು ನನ್ನ ಮೇಲೆಯೇ ಸಿಟ್ಟೂ ಬಂತು.

ಅಕ್ಕ ಒಂದು ತಿಂಗಳು ಫೋನ್ ಎತ್ತಲಿಲ್ಲ. ಭಾವನ ಬೈಕು ಮುಗಿಸಿದೆ; ಅವರು ಬಂದು, ಹೆಚ್ಚು ಮಾತಾಡದೆ, ತೆಗೆದುಕೊಂಡು ಹೋದರು. ಅಕ್ಕ ಕುಮಟಾಕ್ಕೆ ಹೋಗಿದ್ದಾಳೆ ಎಂದು ಅವರಿಂದಲೇ ತಿಳಿಯಿತು.

ಮೊನ್ನೆ ಧೈರ್ಯ ಮಾಡಿ ಕುಮಟಾಕ್ಕೆ, ವಿದ್ಯಾಳ ಮನೆಗೆ ಹೋದೆ. ವಿದ್ಯಾ ಶಾಲೆಗೆ ಹೊರಟು ನಿಂತಿದ್ದಳು. ಒಮ್ಮೆಯೂ ತಿರುಗಿ ನೋಡದೆ, ಬರ್ತೆ ಅಮ್ಮ ಎಂದು ಹೋದಳು. ಮನೆಯಲ್ಲಿ ಅಕ್ಕ, ಕೂಸು, ಒಲೆಯ ಮೇಲೆ ಹಾಲು. ಅಕ್ಕ ನನ್ನನ್ನು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹಾಲು ಇಳಿಸಿದಳು, ಗ್ಯಾಸು ಆಫ್ ಮಾಡಿ ಕೂಸನ್ನು ಎತ್ತಿಕೊಂಡು ಬಂದು ಕೂತಳು. ನನಗೆ ಹಳೇ ಚಾಳಿ. ಏನಾದರೂ ಮಾತು ಬೇಕಲ್ಲ, ಗ್ಯಾಸು ಸಣ್ಣಗೆ ಉರಿಯುತ್ತಿದ್ದ ಹಾಗಿತ್ತು ಅಕ್ಕ, ಒಮ್ಮೆ ನೋಡು ಎಂದೆ.

ಅಕ್ಕ ಏಳಲಿಲ್ಲ. ತಿರುಗಿಯೂ ನೋಡಲಿಲ್ಲ.

“ನಾ ಬಂದ್ ಮಾಡಿದ್ದೆ. ಇನ್ನು ನೀ ಎಂತ ಹೇಳಿದ್ರೂ ನಾ ನಂಬೂದಿಲ್ಲ,” ಎಂದು ಕೂಸಿನ ಬಾಯಿ ಒರೆಸಿದಳು.