ತೂಗದ ಗುಂಡು

ನಿನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬಳು ಹಳೆಯ ಬಳೆಗಳನ್ನು ಔಡಲೆಣ್ಣೆ ಹತ್ತಿದ ಅರಿವೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಗಂಟು ಬಿಚ್ಚಿದ್ದೇ ತಡ, ಆ ವಾಸನೆಗೆ ಕಬ್ಬೂರಿನ ಕಾಕಾ ನೆನಪಾದರು.

ಚಿಕ್ಕೋಡಿಯ ನನ್ನ ಬಂಗಾರದ ಅಂಗಡಿಗೆ ಕಾಕಾ ಬರುತ್ತಿದ್ದುದು ಬಂಗಾರಕ್ಕಲ್ಲ, ಸೀಸದ ಗುಂಡು ತೂಗಿಸಲು. ಜೈನರ ಮನೆಯವರು, ಇರುವೆ ಕಂಡರೆ ಕಾಲು ಎತ್ತಿಡುವವರು. ಆದರೆ ಅಜ್ಜನ ಕಾಲದ ಬಂದೂಕೊಂದಕ್ಕೆ ಲೈಸೆನ್ಸ್ ಇತ್ತು, ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬುವಂಥದ್ದು. ಕಬ್ಬಿಗೆ ನುಗ್ಗುವ ಹಂದಿಗಳು ಬರೀ ಸದ್ದಿಗೆ ಜಗ್ಗುತ್ತಿರಲಿಲ್ಲ. ಮೂತಿಯ ಮುಂದೆ ಒಂದು ಮೊಳದಲ್ಲಿ ಗುಂಡು ಬಿದ್ದು ಮಣ್ಣು ಹಾರಿದರೆ ಮಾತ್ರ ಓಡುತ್ತಿದ್ದವು.

"ಹೊಡ್ಯಾಕ ಹೆಂಗರ ನಡೀತೈತಿ ತಮ್ಮಾ, ತಪ್ಪಿಸಾಕ ಗುಂಡು ನೆಟ್ಟಗ ಹೋಗಬೇಕು," ಎನ್ನುತ್ತಿದ್ದರು.

ಅದಕ್ಕೆಂದೇ ಮೆತ್ತನೆಯ ಅಪ್ಪಟ ಸೀಸ ಹುಡುಕಿ ತಂದು, ಕರಗಿಸಿ ತಾವೇ ಅಚ್ಚಿಗೆ ಎರೆಯುತ್ತಿದ್ದರು. ಬ್ಯಾಟರಿಯ ಗಟ್ಟಿ ಸೀಸ ಮುಟ್ಟುತ್ತಿರಲಿಲ್ಲ. ಅಚ್ಚು ಕಾಯುವ ಮೊದಲು ಎರೆದದ್ದು, ಸುಕ್ಕು ಬಿದ್ದದ್ದು ಎಲ್ಲ ಮತ್ತೆ ಒಲೆಗೆ. ಇಷ್ಟಾದರೂ ಒಳಗೆ ಗಾಳಿ ಕೂತ ಗುಂಡು ಅಡ್ಡ ಹೋಗುತ್ತದೆ. ಅದು ಕಣ್ಣಿಗೆ ಕಾಣದು, ತೂಕ ಕಡಿಮೆ ಬಂದು ತಕ್ಕಡಿಗೆ ಮಾತ್ರ ತಿಳಿಯುತ್ತದೆ.

ಆಗ ಲಗ್ನದ ಸೀಜನ್, ಅಂಗಡಿ ತುಂಬ ಜನ. ಕಾಕಾ ಮೂರು ಗುಂಡು ಕೊಟ್ಟರು. ಎರಡು ತೂಗಿದೆ, ಅಷ್ಟರಲ್ಲಿ ಯಾರೋ ಕರೆದರು... "ಎಲ್ಲಾ ಬರೋಬ್ಬರಿ ಅದಾವ್ರಿ ಕಾಕಾ," ಎಂದು ಮೂರನ್ನೂ ಕೊಟ್ಟುಬಿಟ್ಟೆ.

ಮರುದಿನ ಲಗ್ನದ ಒಡವೆ ಮುಟ್ಟಿಸಲು ಕಬ್ಬೂರಿಗೆ ಹೋದವನು ಅವರ ಹೊಲಕ್ಕೂ ಹೋದೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಕಾಕಾ ಬದುವಿನ ಮೇಲೆ ಕೂತಿದ್ದರು. ಹಂದಿಯೊಂದು ಬಂತು. ಗುಂಡು ಅದರ ಮುಂದೆ ಮಣ್ಣು ಹಾರಿಸಿತು, ಹಂದಿ ಓಡಿತು. ಇನ್ನೊಂದು ಬಂತು, ಅದೂ ಹಾಗೇ ಓಡಿತು. ಕಾಕಾ ನಳಿಗೆ ಒರೆಸಿದರು, ಮದ್ದು ಅಳೆದು ಸುರಿದರು, ಔಡಲೆಣ್ಣೆಯ ಅರಿವೆ ತುಂಡಿನಲ್ಲಿ ಮೂರನೆಯ ಗುಂಡಿಟ್ಟು ಕೋಲಿನಿಂದ ಒತ್ತತೊಡಗಿದರು.

ನಾನು ಲೆಕ್ಕ ಹಾಕಿದೆ. ಎರಡು ನೆಟ್ಟಗೆ ಹೋಗಿವೆ, ಹಾಗಾದರೆ ತೂಗದ್ದು ಇದೇ ಇರಬೇಕು... "ತಡೀರಿ" ಎನ್ನಲು ಒಂದು ಉಸಿರು ಸಾಕಿತ್ತು. ಸುಳ್ಳು ಹೊರಬಿದ್ದರೆ ನನ್ನ ಮರ್ಯಾದೆ ಏನಾದೀತು ಎಂದು ಹಲ್ಲು ಕಚ್ಚಿ ನಿಂತೆ. ಮೂರನೆಯ ಹಂದಿ ಕಬ್ಬಿನಿಂದ ತಲೆ ಹೊರಹಾಕಿತು. ಕಾಕಾ ಗುರಿ ಹಿಡಿದರು.

ಈ ಸಲ ಮಣ್ಣು ಹಾರಲಿಲ್ಲ. ಹಂದಿ ಕುಸಿಯಿತು.

ಕಾಕಾ ಬಂದೂಕು ಕೆಳಗಿಟ್ಟು ನನ್ನತ್ತ ತಿರುಗಿದರು. "ಮೂರೂ ತೂಗಿದ್ದಿ ಹೌದಲ್ಲೊ ತಮ್ಮಾ?"

"ಹೌದ್ರಿ ಕಾಕಾ."

"ಹಂಗಾರ ತಪ್ಪು ನನ್ನ ಕೈಂದ ಆತು."

ಎರಡು ದಿನ ಉಪವಾಸ ಮಾಡಿದರು. ಬಂದೂಕನ್ನು ಠಾಣೆಗೆ ಒಪ್ಪಿಸಿದರು. ಕೈ ನಡುಗುತ್ತದೆ ಎಂದು ಊರಿಗೆಲ್ಲ ತಾವೇ ಹೇಳಿಕೊಂಡು ತಿರುಗಿದರು. ಅವರ ಕೈ ನಡುಗಿದ್ದನ್ನು ನಾನೊಮ್ಮೆಯೂ ಕಂಡಿಲ್ಲ. ನಿಜ ಹೇಳಬೇಕೆಂದು ಎಷ್ಟೋ ಸಲ ಕಬ್ಬೂರಿಗೆ ಹೋಗಿ, ಬರೀ ಚಹಾ ಕುಡಿದು ಬಂದಿದ್ದೇನೆ. ನಾಚಿಕೆಗೇಡು.

ಕಾಕಾ ತೀರಿಹೋಗಿ ನಾಲ್ಕು ವರ್ಷವಾಯಿತು. ಹೋದ ತಿಂಗಳು ಅವರ ಮಗ ತನ್ನ ಮಗಳ ಲಗ್ನದ ಬಂಗಾರಕ್ಕೆ ನನ್ನಲ್ಲಿಗೇ ಬಂದಿದ್ದ. "ಅಪ್ಪಾ ಸಾಯೂತನಕ ನಿಮ್ಮ ಬಗ್ಗೆ ಹೇಳ್ತಿದ್ರು, ಅಂವಾ ತೂಗಿದ್ರ ಮತ್ತೊಮ್ಮೆ ತೂಗೂದ ಬ್ಯಾಡ ಅಂತ," ಎಂದ.

ಅವನಿಗೂ ನಾನು ಹೇಳಲಿಲ್ಲ. ಕೇಳಬೇಕಾದವರು ಈಗ ಇಲ್ಲ.